ಕುಂಡದ ಗಿಡ

ನಮ್ಮ ವಿಜಯಪುರದ ಕಡೆ ಮರ ಅನ್ನೋ ಮಾತು ಬಾಯಿಗೆ ಬರೋದೇ ಕಡಿಮೆ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ನೆರಳಲ್ಲಿ ನಾಲ್ಕು ಲಾರಿ ನಿಂತರೂ ಅದು ಗಿಡವೇ. ಈ ಒಂದು ಶಬ್ದದಿಂದ ನಾನು ಎರಡು ದಿನ ಕತ್ತಲಲ್ಲಿ ಕೂತೆ.

ಮನೆ ಮುಂದಿನ ಬೇವು ಅಪ್ಪ ಹಚ್ಚಿದ್ದು. ಆಗ ತಂತಿ ಎಲ್ಲೋ ಮೇಲಿತ್ತಂತೆ. ಈಗ ಬೇವೇ ತಂತಿಯ ಹೆಗಲ ಮೇಲೆ ಕೈ ಹಾಕಿತ್ತು. ಒಣ ದಿನಗಳಲ್ಲಿ ತಕರಾರಿಲ್ಲ. ಎಲೆ ತೋಯ್ದರೆ ಮಾತ್ರ ಕರೆಂಟು ಟೊಂಗೆ ಹಿಡಿದು ನೆಲಕ್ಕಿಳಿಯುತ್ತಿತ್ತು, ಓಣಿಯ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಫ್ಯೂಸು ಹಾರುತ್ತಿತ್ತು. ಓಣಿಯವರೆಲ್ಲ ಹೊರಗೆ ಬಂದು ನನ್ನನ್ನೇ ನೋಡೋರು, ನಾನೇ ಮೇಲೆ ಹತ್ತಿ ಅಲ್ಲಾಡಿಸಿದ ಹಾಗೆ.

ರೋಹಿಣಿ ಮಳೆಯ ಸಂಜೆ ದಪ್ಪ ಟೊಂಗೆಯೊಂದು ಮುರಿದು ಬಿತ್ತು. ಕರೆಂಟು ತರೋ ಫೇಸ್ ತಂತಿಗಳು ಉಳಿದವು, ಅದು ವಾಪಸ್ ಹೋಗೋ ನ್ಯೂಟ್ರಲ್ ತಂತಿ ತುಂಡಾಯಿತು. ಇದಕ್ಕಿಂತ ಪೂರ್ತಿ ಕರೆಂಟು ಹೋಗಿದ್ದರೇ ಚಲೋ ಇತ್ತು. ನ್ಯೂಟ್ರಲ್ ಹೋದರೆ ಮನೆಗೆ 230 ವೋಲ್ಟೇ ಬರಬೇಕೆಂಬ ಕಟ್ಟಳೆಯಿಲ್ಲ. ಒಬ್ಬರಿಗೆ 400ರ ಹತ್ತಿರ ಹೋಗುತ್ತದೆ, ಇನ್ನೊಬ್ಬರಿಗೆ ಪ್ರಸಾದದಷ್ಟು ಸಿಗುತ್ತದೆ. ನಮ್ಮ ಮನೆ ಬಲ್ಬು ಮದುವೆ ಮಂಟಪದ ಹಾಗೆ ಬೆಳಗಿತು. ಎದುರುಮನೆಯಲ್ಲಿ ಚಿಮಣಿ ಬೆಳಕು. ನಮ್ಮ ಫ್ಯಾನು ಹೆಲಿಕಾಪ್ಟರ್ ಥರ ಸದ್ದು ಮಾಡಿ, ಸುಟ್ಟ ವಾಸನೆ ಬಿಟ್ಟು, ನಿಂತಿತು. ಓಡಿ ಹೋಗಿ ಮೇನ್ ಆಫ್ ಮಾಡಿದೆ.

ಎದುರುಮನೆ ಕಾಕಾ ಉದ್ದನೆ ಬಿದಿರು ಹಿಡಿದು ಬಂದರು. "ಒಂದ್ ಎಳದ್ರ ಬೀಳ್ತದ ತಮ್ಮಾ!"

"ಕಾಕಾ, ಬಿದಿರು ತೊಯ್ದದ. ಟೊಂಗಿ ಬೀಳೂದ್ರಾಗ ನೀವ ಬೀಳ್ತೀರಿ."

ಕಾಕಾ ಬಿದಿರನ್ನು ಅಲ್ಲೇ ಬಿಟ್ಟರು. ನಾನು ಸಹಾಯವಾಣಿಗೆ ಫೋನ್ ಹಚ್ಚಿದೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ. ಇಲ್ಲಿ ಏಳು ಸಲ ಹಚ್ಚಿದ ಮೇಲೆ ಒಮ್ಮೆ ಕೇಳಿಸಿತು.

"ಮೇಡಮ್, ನಮ್ಮ ಗಿಡ ಲೈನ್ ಮ್ಯಾಲೆ ಬಿದ್ದೈತ್ರಿ."

"ಗಿಡ ಅಷ್ಟು ಎತ್ತರ ಹೇಗೆ ಹೋಯ್ತು ಸರ್?" ಹುಡುಗಿ ತೆಂಕಣದವಳು. "ಮಹಡಿ ಮೇಲೆ ಕುಂಡದಲ್ಲಿಟ್ಟಿದ್ರಾ?"

"ಕುಂಡ ಅಲ್ರೀ, ಬೇವಿನ ಗಿಡ. ಅಪ್ಪ ಹಚ್ಚಿದ್ದು."

"ಸರಿ ಸರ್, ಬರ್ಕೊಂಡೆ."

ಏನು ಬರ್ಕೊಂಡಳು ಅಂತ ಮೂರನೇ ದಿನ ಗೊತ್ತಾಯಿತು. ಲೈನ್‌ಮನ್ ಒಬ್ಬನೇ ಬಂದ, ಕೈಯಲ್ಲಿ ಬರೀ ಇಕ್ಕಳ. ಕತ್ತೆತ್ತಿ ಬೇವು ನೋಡಿದ, ಕೈಯಲ್ಲಿದ್ದ ಚೀಟಿ ನೋಡಿದ. "ಕುಂಡದ ಗಿಡ ಅಂತ ಬರದಾರಲ್ರೀ! ತುರ್ತು ಅಲ್ಲ ಅಂತ ಮುಂದ ಹಾಕಿದ್ವಿ." ಹೊಟ್ಟೆ ಹಿಡಿದು ನಕ್ಕ. ಆಮೇಲೆ ಫೋನ್ ಮಾಡಿ ಇನ್ನಿಬ್ಬರನ್ನು ಕರೆಸಿದ. ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡೋ ಪರವಾನಗಿ, ತಗೊಂಡು ಲೈನ್ ಬಂದ್ ಆಗೋತನಕ ಏಣಿಗೆ ಕಾಲೇ ಇಡಲಿಲ್ಲ. ಟೊಂಗೆ ಕಡಿದು, ನ್ಯೂಟ್ರಲ್ ಜೋಡಿಸಿ, ಚಹಾ ಕುಡಿದು ಹೊರಟರು.

ಕರೆಂಟು ಬಂತು. ಫ್ಯಾನು ಮಾತ್ರ ತಿರುಗಲಿಲ್ಲ. ಸೊಳ್ಳೆಗೆ ಮನೆಯವಳು ಅದೇ ಬೇವಿನ ತಪ್ಪಲದ ಹೊಗೆ ಹಾಕಿದಳು. ಕೆಮ್ಮುತ್ತ ಕೂತಾಗ ಮೊಬೈಲಿಗೆ ಮೆಸೇಜು ಬಂತು: "ನಿಮ್ಮ ದೂರು ಪರಿಹರಿಸಲಾಗಿದೆ. ಕುಂಡ ತೆರವುಗೊಳಿಸಲಾಗಿದೆ."

ಅವಳು ಬಗ್ಗಿ ಓದಿ ಕೇಳಿದಳು: "ಯಾವ ಕುಂಡಾ ಒಯ್ದ್ರರೀ? ತುಳಸೀದೇನು?"