ಬೆಕ್ಕಿಗೆ ಹಾಲು ಸಾಕು ಅನ್ನುವವರಿಗೆ

ಬೆಳಗಿನ ಜಾವ 4:30. ರಾಜಾಜಿನಗರದ ನಮ್ಮ ಬೀದಿಗೆ ಹಾಲಿನವನೂ ಇನ್ನೂ ಬಂದಿರುವುದಿಲ್ಲ. ನಮ್ಮ ಚಿನ್ನಿ ಎದೆ ಮೇಲೆ ಕೂತು ಕೆನ್ನೆ ತಟ್ಟುತ್ತಾಳೆ. ಅವಳ ಮೇಲೆ ಸಿಟ್ಟಿಲ್ಲ. ಮುಂಜಾನೆ, ಮುಸ್ಸಂಜೆ ಬೆಕ್ಕುಗಳು ಚುರುಕಾಗುವ ಹೊತ್ತು. ಸೋಫಾ ಪರಚಿದ್ದನ್ನೂ ಸಹಿಸಿಕೊಂಡಿದ್ದೇನೆ. ಉಗುರಿನ ಹಳೇ ಪದರ ಕಳಚಬೇಕಲ್ವಾ?

ಸಹಿಸಲು ಆಗದಿರುವುದು ಜನರ ಉಪದೇಶ. "ಬೆಕ್ಕು ತಾನೇ, ಒಂದು ಬಟ್ಟಲು ಹಾಲು ಇಡಿ, ಮೊಸರನ್ನ ಕಲಸಿ ಹಾಕಿ, ಸಾಕು." ಸಾಕಾಗುವುದಿಲ್ಲ! ದೊಡ್ಡದಾದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲು ಅರಗುವುದೇ ಇಲ್ಲ. ನಾನು ಊರಲ್ಲಿ ಇಲ್ಲದಾಗ ನೆಂಟರೊಬ್ಬರು ಪ್ರೀತಿಯಿಂದಲೇ ಕುಡಿಸಿದರು. ಎರಡು ದಿನ ಭೇದಿ. ಆ ಪುಟ್ಟ ಜೀವ ಮೂಲೆಯಲ್ಲಿ ಮುದುಡಿ ಕೂತಿದ್ದು ನೋಡಿ ಕರುಳು ಚುರುಕ್ ಅಂದಿತು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು. ಅದು ಇರುವುದು ಮಾಂಸ, ಮೀನಿನಲ್ಲಿ. ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಇದನ್ನು ಮನೆ ಓನರ್‌ಗೆ ಹೇಳಿದರೆ "ನಮ್ಮದು ವೆಜ್ ಬಿಲ್ಡಿಂಗ್" ಅನ್ನುತ್ತಾರೆ. ಚಿನ್ನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಬಾಲ್ಕನಿಗೆ ಬಲೆ ಹಾಕಿಸಲು ಕೇಳಿದ್ದಕ್ಕೂ ಬೇಡ ಅಂದರು, ಗೋಡೆ ತೂತಾಗುತ್ತದಂತೆ. ನನ್ನದೇ ದುಡ್ಡು, ಹೋಗುವಾಗ ತೂತು ಮುಚ್ಚಿಸಿಯೇ ಹೋಗುತ್ತೇನೆ ಅಂದರೂ ಕೇಳಲಿಲ್ಲ. ನಾವಿರುವುದು ಮೂರನೇ ಮಹಡಿ. ಪಾರಿವಾಳ ಕಂಡರೆ ಅವಳಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಒಂದೇ ನೆಗೆತ ಸಾಕು. ಅದಕ್ಕೇ ಏಪ್ರಿಲ್ ಸೆಕೆಯಲ್ಲೂ ಬಾಲ್ಕನಿ ಬಾಗಿಲು ಹಾಕಿಕೊಂಡೇ ಕೂತಿರುತ್ತೇವೆ, ನಾನೂ ಅವಳೂ.