ಎಂಬಿಎ ಫೈನಾನ್ಸ್ ಕುರಿತ ಮೆಸೇಜ್: ಒಂದು ಸ್ಪಷ್ಟನೆ

ದಾವಣಗೆರೆಯ ಡಿಗ್ರಿ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಫೈನಾನ್ಸ್ ಅಂದ್ರೆ ಅಕೌಂಟ್ಸೇ. ಕಾಮರ್ಸ್ ಓದದವರಿಗೆ ಎಂಬಿಎ ಫೈನಾನ್ಸ್ ಸಿಗಲ್ಲ." ಕಳೆದ ವಾರ ನಾನೂ ಇದನ್ನು ಕಳಿಸಿದ್ದೆ. ಎರಡೂ ಮಾತು ತಪ್ಪು.

ಪಿಜಿಸಿಇಟಿ (ಕರ್ನಾಟಕದ ಸ್ನಾತಕೋತ್ತರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಮೂಲಕ ಎಂಬಿಎ ಸೇರಲು ಯಾವುದೇ ವಿಷಯದ ಮಾನ್ಯ ಪದವಿ ಸಾಕು, ಅಂಕ ಶೇ. 50 ಇರಬೇಕು. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಶೇ. 45. ಬಿಎ, ಬಿಎಸ್ಸಿ, ಬಿಇ ಮಾಡಿದವರೂ ಸೇರಬಹುದು.

ಇನ್ನು ಅಕೌಂಟ್ಸ್ ಆಗಿಹೋದ ವ್ಯವಹಾರವನ್ನು ಬರೆದಿಡುತ್ತದೆ. ಫೈನಾನ್ಸ್ ಮುಂದಿನದನ್ನು ಕೇಳುತ್ತದೆ. ಬೆಣ್ಣೆದೋಸೆ ಹೋಟೆಲ್‌ನವರು ಇವತ್ತು 1,00,000 ರೂಪಾಯಿ ಹಾಕಿದರೆ ಒಂದು ವರ್ಷದ ನಂತರ ಒಟ್ಟು 1,10,000 ವಾಪಸ್ ಬರುತ್ತದೆ ಅಂದುಕೊಳ್ಳಿ. ಲಾಭವೇ ಅಲ್ವಾ? ಬಡ್ಡಿ ಶೇ. 8 ಇದ್ದರೆ ಆ 1,10,000ದ ಇವತ್ತಿನ ಬೆಲೆ ಸುಮಾರು 1,01,852, ಅಂದರೆ ಇವತ್ತು ಇಷ್ಟನ್ನು ಬಡ್ಡಿಗೆ ಇಟ್ಟರೆ ವರ್ಷದ ನಂತರ 1,10,000 ಆಗುತ್ತದೆ. ಸರಿ, ಹಾಕಬಹುದು. ಬಡ್ಡಿ ಶೇ. 12 ಆದರೆ ಬರೀ 98,214. ಆಗ ನಷ್ಟ! ಅಕೌಂಟ್ಸ್ ಪುಸ್ತಕದಲ್ಲಿ ಮಾತ್ರ 10,000 ಜಾಸ್ತಿಯೇ ಕಾಣುತ್ತದೆ. ಈ ಲೆಕ್ಕಕ್ಕೆ ಬೇಕಾದ್ದು ಹೈಸ್ಕೂಲಿನ ಚಕ್ರಬಡ್ಡಿ ಅಷ್ಟೇ.

ಅರ್ಜಿ ಹಾಕುವ ಆಸೆಯನ್ನೇ ಯಾರಾದರೂ ಬಿಟ್ಟುಬಿಟ್ಟಾರು ಅನ್ನೋದೇ ನನ್ನ ಚಿಂತೆ. ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನು ಹಾಕಿ.