ಒಟ್ಟು 87

ಉಡುಪಿಯಲ್ಲಿ ಅತಿಥಿ ಉಪನ್ಯಾಸಕ್ಕೆ ಜನ ಹುಡುಕುವುದು ಕಷ್ಟವಲ್ಲ. 1906ರಲ್ಲಿ ಇಲ್ಲೊಂದು, ಮಂಗಳೂರಿನಲ್ಲೊಂದು ಬ್ಯಾಂಕ್ ಹುಟ್ಟಿದ್ದೇ ಹುಟ್ಟಿದ್ದು, ಆಮೇಲೆ ನಮ್ಮಲ್ಲಿ ಮನೆಗೊಬ್ಬರು ಬ್ಯಾಂಕಿನವರು. ಈಗ ಅವರೆಲ್ಲ ನಿವೃತ್ತರು. ಬೆಳಿಗ್ಗೆ ವಾಕಿಂಗ್, ಸಂಜೆ ದೇವಸ್ಥಾನ, ನಡುವೆ ಖಾಲಿ. ಕರೆದರೆ ಬರುತ್ತಾರೆ. ಹಾಗೆ ನಮ್ಮ ಕಾಲೇಜಿಗೂ ಕಳೆದ ಜುಲೈಯಲ್ಲಿ ಒಬ್ಬ ಮಾಜಿ ಮ್ಯಾನೇಜರ್ ಬಂದರು. ವಿಷಯ: ಭಾಷಣ ಮಾಡುವುದು ಹೇಗೆ.

ಸುಮ್ನೆ ಕರೆಸಿ, ಮಾತಾಡಿಸಿ, ಶಾಲು ಹೊದೆಸಿ ಕಳಿಸಿದ್ದರೆ ಆಗುತ್ತಿತ್ತು. ನನಗೆ ಬುದ್ಧಿ ಸ್ವಲ್ಪ ಜಾಸ್ತಿ. ಬಿ.ಕಾಂ. ಮಕ್ಕಳಿಗೆ, “ಭಾಷಣ ಕಲಿಸಲು ಬರುವವರ ಭಾಷಣ ಹೇಗಿದೆ ಅಂತ ನೀವೇ ಅಳೆದು ನೋಡಿ” ಎಂದೆ. ಟೋಸ್ಟ್‌ಮಾಸ್ಟರ್ಸ್ ಅಂತ ಉಂಟಲ್ಲ, 1924ರಲ್ಲಿ ಅಮೆರಿಕದಲ್ಲಿ ಶುರುವಾದ ಭಾಷಣದ ಕ್ಲಬ್ಬು, ಅವರ ಕ್ರಮ ಇದು. ಅಲ್ಲಿ ಒಬ್ಬರು ಗಡಿಯಾರ ನೋಡುತ್ತಾ ಕೂರುತ್ತಾರೆ. ಏಳು ನಿಮಿಷದ ಭಾಷಣವಾದರೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ತೋರಿಸುತ್ತಾರೆ. ಇನ್ನೊಬ್ಬರಿಗೆ ‘ಆಂ’, ‘ಊಂ’ ಎಣಿಸುವುದೊಂದೇ ಕೆಲಸ. ಮತ್ತೊಬ್ಬರು ಕಣ್ಣು, ಕೈ, ದನಿ ಎಲ್ಲ ನೋಡಿ ಬರೆಯುತ್ತಾರೆ.

ನಾವು ನಲವತ್ತು ನಿಮಿಷಕ್ಕೆ ಲೆಕ್ಕ ಹಾಕಿದೆವು. ಮೂವತ್ತಕ್ಕೆ ಹಸಿರು, ಮೂವತ್ತೈದಕ್ಕೆ ಹಳದಿ, ನಲವತ್ತಕ್ಕೆ ಕೆಂಪು. ಹಸಿರಿಗೆ ಯಾರದೋ ಫೈಲು ಸಿಕ್ಕಿತು. ಹಳದಿಗೆ ಬೋರ್ಡ್ ಒರೆಸುವ ಬಟ್ಟೆ. ಕೆಂಪು ಯಾವುದೂ ಇರಲಿಲ್ಲ. “ನನ್ನ ಕೊಡೆ ಕೆಂಪು ಉಂಟು ಮೇಡಂ” ಎಂದ ಹಿಂದಿನ ಬೆಂಚಿನ ಹುಡುಗ. ಆಗಲಿ ಎಂದೆ. ಎಣಿಸುವ ಕೆಲಸವನ್ನು ಬ್ರಹ್ಮಾವರದ ಹುಡುಗಿ ವಹಿಸಿಕೊಂಡಳು. ಅತಿಥಿಗಳಿಗೆ ಮಾತ್ರ ಇದ್ಯಾವುದನ್ನೂ ಹೇಳಲಿಲ್ಲ. ಹೇಳಿದರೆ ಸಹಜವಾಗಿ ಮಾತಾಡುವುದಿಲ್ಲ ಅಲ್ವಾ?

ಅತಿಥಿಗಳು ಒಳ್ಳೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರಿಗೆ ಇದ್ದ ಊರುಗೋಲು ಒಂದೇ, ‘ಅಂದರೆ’. “ಭಾಷಣ ಅಂದರೆ, ಅಂದರೆ ಮಾತು ಅಂದರೆ ಬರೀ ಮಾತಲ್ಲ” ಎಂದು ಶುರು ಮಾಡಿದರು. ಮುಂದಿನ ಬೆಂಚಿನಲ್ಲಿ ಪೆನ್ನು ಟಕ್ ಟಕ್ ಟಕ್ ಎಂದಿತು. ನಾಲ್ಕು ಗೀಟು, ಅಡ್ಡ ಒಂದು, ಒಂದು ಕಟ್ಟು.

ಹತ್ತನೇ ನಿಮಿಷಕ್ಕೆ ಆ ಪ್ರಸಿದ್ಧ ಲೆಕ್ಕ ಬಂತು. ಮಾತಿನಲ್ಲಿ ಪದಗಳ ಪಾಲು ಶೇಕಡಾ 7 ಮಾತ್ರವಂತೆ, ದನಿಯದು 38, ಮುಖ ಮತ್ತು ಮೈಯದು 55. ಭಾಷಣ ಕಲಿಸುವವರು ಇದನ್ನು ಬಿಡುವುದೇ ಇಲ್ಲ. 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗಗಳಿಂದ ಬಂದದ್ದು ಇದು. ಅವರು ನೋಡಿದ್ದು ಇಷ್ಟೇ: ಒಂದೊಂದು ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖಭಾವದ ಫೋಟೊ ತೋರಿಸಿದರೆ ಕೇಳುವವರು ಯಾವುದನ್ನು ನಂಬುತ್ತಾರೆ ಅಂತ. ಇಷ್ಟವೋ ಅನಿಷ್ಟವೋ ತಿಳಿಯಲು ಅದು ಸರಿ. ಬಡ್ಡಿ ದರ ವಿವರಿಸಲು ಅಲ್ಲ. ಪದಗಳ ಪಾಲು ಏಳೇ ಆಗಿದ್ದರೆ ಇವರು ಮೈಕಿನ ಮುಂದೆ ಸುಮ್ನೆ ನಿಂತು ನಕ್ಕು ಹೋಗಬಹುದಿತ್ತು. ಆದರೆ ಪರಿಚಯ ಮಾಡಿಕೊಟ್ಟವಳು ನಾನೇ. ಬಾಯಿ ಬಿಡುವಂತಿಲ್ಲ.

ಮೂವತ್ತಕ್ಕೆ ಹಸಿರು ಫೈಲು ಎದ್ದಿತು. ಅವರು ನೋಡಲಿಲ್ಲ. ಹಳದಿ ಬಟ್ಟೆ ಎದ್ದಾಗ ಚಾಕ್‌ಪೀಸಿನ ಪುಡಿ ಹಾರಿ ಪಕ್ಕದವನು ನಾಲ್ಕು ಸಲ ಸೀನಿದ. ನಲವತ್ತಕ್ಕೆ ಸರಿಯಾಗಿ ಹಿಂದಿನ ಬೆಂಚಿನಲ್ಲಿ ಕೊಡೆ ಬಿಚ್ಚಿಕೊಂಡಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

ಅತಿಥಿಗಳು ಭಾಷಣ ನಿಲ್ಲಿಸಿ, “ಛೇ, ಅಲ್ಲಿ ಸೋರ್ತದಾ? ಎದುರಿಗೆ ಬನ್ನಿ ಮಕ್ಕಳೇ” ಎಂದರು. ಸೋರುತ್ತಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹಿಂದಿನ ಎರಡು ಸಾಲು ಎದ್ದು, ಬ್ಯಾಗು ಎತ್ತಿ, ಬೆಂಚು ಎಳೆದು ಮುಂದೆ ಬಂದು ಕೂತಿತು. ಹತ್ತಿರ ಬಂದ ಮಕ್ಕಳನ್ನು ಕಂಡು ಅವರಿಗೂ ಉತ್ಸಾಹ ಬಂತು. ಮತ್ತೆ ಇಪ್ಪತ್ತೈದು ನಿಮಿಷ ಮಾತಾಡಿದರು.

ಕೊಡೆಯ ಹುಡುಗನೇ ನಡುವೆ ಕೈ ಎತ್ತಿದ. ಅವನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. “ಸರ್, ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲಿಂದ ಏಳುವುದೂ ಇಲ್ಲ. ಹಾಡು ಬಿಟ್ಟರೆ ಬರೀ ಮಾತು. ಆದರೂ ಜನ ಬೆಳಗಿನವರೆಗೆ ಕೇಳ್ತಾರಲ್ಲ, ಅದು ಏಳು ಪರ್ಸೆಂಟಲ್ಲಿ ಹೇಗೆ ಸರ್?”

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮೈಕ್ ಕೆಳಗಿಟ್ಟು, “ಅದು ಹೌದಪ್ಪ” ಎಂದರು. ಆಮೇಲೆ ತಮ್ಮ ಕತೆ ತೆಗೆದರು. ಮೊದಲ ಪ್ರಮೋಷನ್, ಬಿಹಾರದ ಒಂದು ಹಳ್ಳಿ, ಹಿಂದಿ ಅಷ್ಟಕ್ಕಷ್ಟೆ. ಸಾಲದ ಕಂತು ಬಾಕಿ ಇದೆ ಅಂತ ರೈತನೊಬ್ಬನನ್ನು ಕರೆಸಿ “ದುಡ್ಡು ಎಲ್ಲಿ?” ಅಂತ ಕೇಳಿದರೆ ಅವನು “ಕಲ್” ಎಂದ. ನಾಳೆ ಬೇಡ, ಈಗಲೇ ಕೊಡು ಅಂತ ಇವರು. ಇನ್ನೊಮ್ಮೆ ಕೇಳಿದರೆ ಮತ್ತೆ “ಕಲ್”. ನಾಲ್ಕನೇ ಸಲ ಇವರು ಮೇಜು ಗುದ್ದಿದರು. ಒಳಗಿನಿಂದ ಓಡಿ ಬಂದ ಕ್ಯಾಶಿಯರ್, ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ‘ಕಲ್’ ಎಂಬುದು ಒಂದೇ ಪದ ಎಂದು ತಿಳಿಸಿ, ಹಿಂದಿನ ದಿನವೇ ಕಟ್ಟಿದ್ದ ಕಂತಿನ ರಸೀದಿ ತೋರಿಸಿದ. ಮೇಜು ಗುದ್ದಿದ ಕೈಯಲ್ಲೇ ರೈತನಿಗೆ ಚಹಾ ಕೊಟ್ಟದ್ದನ್ನು ನಮ್ಮ ಅತಿಥಿ ಅಭಿನಯಿಸಿ ತೋರಿಸುವಾಗ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ನಾನು ಮುಂದಿನ ಬೆಂಚು ನೋಡಿದೆ. ಬ್ರಹ್ಮಾವರದ ಹುಡುಗಿಯ ಪೆನ್ನು ಮುಚ್ಚಿ ಬೆಂಚಿನ ಮೇಲೆ ಮಲಗಿತ್ತು.

“ಕತೆ ಹೇಳುವಾಗ ಎಷ್ಟು ‘ಅಂದರೆ’ ಬಂತು?” ಎಂದು ಕೊನೆಗೆ ಕೇಳಿದೆ.

“ಎಣಿಸಲಿಕ್ಕೆ ಮರೆತುಹೋಯ್ತು ಮೇಡಂ. ಉಳಿದದ್ದು 87. ಮತ್ತೆ, ಪ್ರಾಕ್ಟೀಸಿಗೆ ಅಂತ ನಿಮ್ಮ ಪರಿಚಯ ಭಾಷಣದ್ದೂ ಎಣಿಸಿದ್ದೇನೆ. ಆರು ನಿಮಿಷಕ್ಕೆ ‘ಆಯ್ತಾ’ 31.”

ಬಿ.ಕಾಂ. ಹುಡುಗಿ, ಸರಾಸರಿ ಕೂಡ ತೆಗೆದಿದ್ದಳು. ನಿಮಿಷಕ್ಕೆ ಅತಿಥಿಗಳದು ಒಂದೂಕಾಲು ಚಿಲ್ಲರೆ, ನನ್ನದು ಐದು ದಾಟಿತ್ತು.

ನಿಜವಾದ ಎಡವಟ್ಟು ಆಮೇಲೆ ಆದದ್ದು. ಅವಳ ಹಾಳೆ ಮೇಜಿನ ಮೇಲಿತ್ತು. ನಮ್ಮ ಅಟೆಂಡರ್ ನೆನಪಿನ ಕಾಣಿಕೆ, ಶಾಲು, ಪುಸ್ತಕಗಳ ಜೊತೆ ಅದನ್ನೂ ಸೇರಿಸಿ ಚೀಲಕ್ಕೆ ಹಾಕಿದ್ದ. ಸ್ಟಾಫ್ ರೂಮಿನಲ್ಲಿ ಗೋಳಿಬಜೆ ತಿನ್ನುತ್ತಾ ಅತಿಥಿಗಳು ಚೀಲ ಬಿಚ್ಚಿದರು. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಒಟ್ಟು 87’, ಸುತ್ತ ವೃತ್ತ. ನಾವು ಮೇಷ್ಟ್ರುಗಳು ಹಾಕುವ ಹಾಗೆಯೇ.

“ಓ! ಮಕ್ಕಳು ಮಾರ್ಕ್ಸ್ ಹಾಕಿದ್ದಾ? 87! ಮಾರಾಯ್ರೆ, ನಾನು ಡಿಗ್ರಿಯಲ್ಲೂ ಇಷ್ಟು ತೆಗೆದವನಲ್ಲ!”

ನನ್ನ ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ಅವರು ಹಾಳೆ ತಿರುಗಿಸಿದರು. ಹಿಂದೆ ಸಾಲು ಸಾಲು ಗೀಟು. ಮುಗಿಯಿತು ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಎಣಿಸಿದರು. ಬ್ಯಾಂಕಿನವರಲ್ವಾ! “ಹದಿನೇಳು ಕಟ್ಟು, ಮೇಲೆ ಎರಡು. ಟ್ಯಾಲಿ ಆಗ್ತದೆ. ಯಾರು ಈ ಹುಡುಗಿ? ಒಳ್ಳೆ ಕ್ಯಾಶಿಯರ್ ಆಗ್ತಾಳೆ ನೋಡಿ.”

ಸತ್ಯ ಹೇಳಬೇಕಿತ್ತು. ಗೋಳಿಬಜೆ ನುಂಗುವಷ್ಟರಲ್ಲಿ ಅವರು ಹಾಳೆಯನ್ನು ನಾಲ್ಕು ಮಡಚಿ ಎರಡು ಪೆನ್ನುಗಳ ಹಿಂದೆ ಜೇಬಿಗಿಟ್ಟಾಗಿತ್ತು.

ಮೊನ್ನೆ ಅವರದೇ ಫೋನು. “ಮೇಡಂ, ಈ ವರ್ಷದ ಕಾರ್ಯಕ್ರಮ ಯಾವಾಗ? ನಾನು ತಯಾರಿದ್ದೇನೆ. ಈ ಸಲ ನೂರು ಮುಟ್ಟಿಸುವ, ಆಯ್ತಾ?”